ಯಾವ ಕಡೆ ಮಳೆ?

ಜೂನ್ ಬಂತು ಅಂದರೆ ಬೆಂಗಳೂರಿನ ಗೆಳೆಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ‘ನಿಮ್ಮ ಸಕಲೇಶಪುರದಲ್ಲಿ ಮಳೆ ಹೇಗಿದೆ?’ ನಾನು ಅದನ್ನೇ ಫೋನಿನಲ್ಲಿ ಅಪ್ಪನ ಹತ್ತಿರ ಕೇಳುತ್ತೇನೆ. ಅಪ್ಪ ನೇರವಾಗಿ ಉತ್ತರ ಹೇಳುವುದಿಲ್ಲ. ‘ಯಾವ ಕಡೆ?’ ಅಂತ ನನ್ನನ್ನೇ ತಿರುಗಿ ಕೇಳುತ್ತಾರೆ.

ಚಿಕ್ಕಂದಿನಲ್ಲಿ ನನಗೆ ಇದು ಅರ್ಥವಾಗುತ್ತಿರಲಿಲ್ಲ. ಊರು ಅಂದಮೇಲೆ ಒಂದು ಮಳೆ, ಒಂದು ಬಿಸಿಲು ಇರಬೇಕಲ್ವಾ? ಆದರೆ ನಮ್ಮ ಕಡೆ ಯಾರೂ ಹಾಗೆ ಮಾತಾಡುವುದಿಲ್ಲ. ‘ಮಾರನಹಳ್ಳಿ ಕಡೆ ಧೋ ಅಂತ ಹುಯ್ತಾ ಇದೆ, ಪೇಟೇಲಿ ಸೋನೆ ಅಷ್ಟೆ, ಬಾಳ್ಳುಪೇಟೆ ಹತ್ರ ಬಿಸಿಲು’ ಅನ್ನುತ್ತಾರೆ. ಮೂರೂ ಒಂದೇ ದಿನದ, ಒಂದೇ ಹೊತ್ತಿನ ಸುದ್ದಿ. ಈ ತುದಿಯಿಂದ ಆ ತುದಿಗೆ ಮೂವತ್ತು ಕಿಲೋಮೀಟರ್ ಆಸುಪಾಸು. ಬೆಂಗಳೂರಲ್ಲಾದರೆ ಅದು ಆಫೀಸಿಗೆ ಹೋಗಿ ಬರುವ ದಾರಿ.

ಅಪ್ಪನ ಪ್ರಶ್ನೆ ಸರಿಯಾಗಿದೆ ಅಂತ ತಿಳಿಯಲು ನಾನು ಊರು ಬಿಡಬೇಕಾಯಿತು. ಹೊರಗಿನಿಂದ ಬಸ್ಸಿನಲ್ಲಿ ಬರುವಾಗಲೇ ಅದು ಕಣ್ಣಿಗೆ ಕಂಡದ್ದು. ಹಾಸನ ಬಿಡುವಾಗ ರಸ್ತೆಯ ಬದಿಯಲ್ಲಿ ಆಲೂಗಡ್ಡೆ, ಜೋಳದ ಹೊಲ. ಆಲೂರು ದಾಟಿ ಪಾಳ್ಯದ ಹತ್ತಿರ ಬಂದಾಗ ಶುಂಠಿ, ಗದ್ದೆ, ತಗ್ಗಿನಲ್ಲಿ ನೀರು. ಬಾಳ್ಳುಪೇಟೆ ಬರುತ್ತಿದ್ದಂತೆ ಸಿಲ್ವರ್ ಮರಗಳು ಶುರು. ಅವುಗಳ ಮೈಗೆ ಹಬ್ಬಿದ ಮೆಣಸು, ಕೆಳಗೆ ಕಾಫಿ. ಅಲ್ಲಿಂದ ಮುಂದೆ ಮಣ್ಣಿನ ವಾಸನೆಯೇ ಬೇರೆ. ಜುಲೈ ತಿಂಗಳಲ್ಲಾದರೆ ಕಂಡಕ್ಟರ್ ಇಲ್ಲೇ ಎಲ್ಲೋ ಕಿಟಕಿಯ ಶಟರ್ ಇಳಿಸಲು ಹೇಳುತ್ತಾರೆ. ಹಾಸನದಿಂದ ಸಕಲೇಶಪುರಕ್ಕೆ ನಲವತ್ತು ಕಿಲೋಮೀಟರ್, ಒಂದು ಗಂಟೆಯ ದಾರಿ. ಅಷ್ಟರಲ್ಲಿ ಮಳೆ ಎರಡರಷ್ಟಾಗುತ್ತದೆ. ಹಾಸನದಲ್ಲಿ ವರ್ಷಕ್ಕೆ ಒಂದು ಸಾವಿರ ಮಿಲಿಮೀಟರ್ ಆಸುಪಾಸು, ಸಕಲೇಶಪುರ ಪೇಟೆಯಲ್ಲಿ ಎರಡು ಸಾವಿರದ ಆಸುಪಾಸು. ಘಟ್ಟದ ಅಂಚಿಗೆ ಹೋದರೆ ಇನ್ನೂ ತುಂಬಾ ಜಾಸ್ತಿ. ಅದೇ ಹಾಸನ ಜಿಲ್ಲೆಯ ಆ ತುದಿಯಲ್ಲಿ, ಅರಸೀಕೆರೆಯಲ್ಲಿ, ಜನ ಕೆರೆ ತುಂಬಲಿ ಅಂತ ಆಕಾಶ ನೋಡುತ್ತಿರುತ್ತಾರೆ.

ಸಕಲೇಶಪುರ ಇರುವುದು ಒಂದು ಅಂಚಿನಲ್ಲಿ. ಪಶ್ಚಿಮ ಘಟ್ಟವನ್ನು ನಾವು ಬೆಟ್ಟಸಾಲು ಅಂತ ಕರೆಯುತ್ತೇವೆ. ಆದರೆ ಹಾಸನದಿಂದ ಬರುವವರಿಗೆ ಬೆಟ್ಟ ಹತ್ತಿದ ಹಾಗೆ ಅನ್ನಿಸುವುದೇ ಇಲ್ಲ. ಯಾಕಂದರೆ ಹಾಸನವೂ ಸಕಲೇಶಪುರವೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ, ಸಮುದ್ರಮಟ್ಟದಿಂದ 900 ಮೀಟರ್ ಮೇಲೆ. ಪೇಟೆ ದಾಟಿ ಆನೆಮಹಲ್, ದೋಣಿಗಲ್, ಮಾರನಹಳ್ಳಿ ಅಂತ ಹೋದ ಮೇಲೆ ನೆಲ ಇದ್ದಕ್ಕಿದ್ದಂತೆ ಜಾರುತ್ತದೆ. ಘಟ್ಟದ ಪೂರ್ವದವರಿಗೆ ಅದು ಬೆಟ್ಟವಲ್ಲ, ಪ್ರಪಾತ. ಕರಾವಳಿಯವರಿಗೆ ಅದು ಗೋಡೆ. ಅವರು ‘ಘಟ್ಟದ ಮೇಲೆ’ ಅನ್ನುತ್ತಾರೆ, ನಾವು ‘ಘಟ್ಟದ ಕೆಳಗೆ’ ಅನ್ನುತ್ತೇವೆ. ಎಷ್ಟು ಸರಿಯಾದ ಮಾತು ನೋಡಿ.

ಈ ಅಂಚು ಹುಟ್ಟಿದ ಕತೆ ತುಂಬಾ ಹಳೆಯದು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು. ಅದು ಕಿತ್ತುಕೊಂಡು ದೂರ ಹೋಯಿತು. ಹರಿದ ಅಂಚು ಇಲ್ಲಿ ಎತ್ತರವಾಗಿ ಉಳಿಯಿತು, ಪೀಠಭೂಮಿ ಪೂರ್ವಕ್ಕೆ ವಾಲಿತು. ಆಮೇಲೆ ಮಳೆ ಕೋಟಿಗಟ್ಟಲೆ ವರ್ಷ ಆ ಅಂಚನ್ನು ಕೊರೆಯುತ್ತಾ ಬಂದಿದೆ. ಮಂಜ್ರಾಬಾದ್ ಕೋಟೆಯ ಗೋಡೆಯ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ. ಆ ನಕ್ಷತ್ರದ ಆಕಾರದ ಕೋಟೆಯನ್ನು 1792ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ್ದು. ಎಂಟು ಮೂಲೆ. ಕರಾವಳಿಯಿಂದ ಬರುವ ದಾರಿಯನ್ನು ಕಾಯಲು ಅಂಚಿನ ಮೇಲೆಯೇ ಜಾಗ ಆರಿಸಿದ. ಮಂಜು ಕವಿದಿರುವುದನ್ನು ನೋಡಿಯೇ ಆ ಹೆಸರಿಟ್ಟ ಅಂತ ನಮ್ಮ ಕಡೆ ಹೇಳುತ್ತಾರೆ.

ನೆಲ ಪೂರ್ವಕ್ಕೆ ವಾಲಿರುವುದರಿಂದಲೇ ಹೇಮಾವತಿ ಹೀಗೆ ಹರಿಯುತ್ತಾಳೆ. ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ, ನಮ್ಮ ಪೇಟೆಯನ್ನು ಸವರಿಕೊಂಡು ಹೋಗುತ್ತಾಳೆ. ಪೇಟೆಯಿಂದ ಅರಬ್ಬೀ ಸಮುದ್ರಕ್ಕೆ ನೇರ ಗೆರೆ ಎಳೆದರೆ ನೂರು ಕಿಲೋಮೀಟರ್ ಅಷ್ಟೆ. ಆದರೂ ಹೊಳೆ ಸಮುದ್ರಕ್ಕೆ ಬೆನ್ನು ಹಾಕಿ ಹೊರಡುತ್ತದೆ. ಗೊರೂರಿನ ಅಣೆಕಟ್ಟಿನಲ್ಲಿ ನಿಂತು, ಕಾವೇರಿಗೆ ಸೇರಿ, ತಮಿಳುನಾಡನ್ನು ಪೂರ್ತಿ ದಾಟಿ ಬಂಗಾಳ ಕೊಲ್ಲಿ ಮುಟ್ಟುತ್ತದೆ. ಅದೇ ತಾಲ್ಲೂಕಿನ ಕೆಂಪುಹೊಳೆ ಶಿರಾಡಿ ಘಾಟಿಯ ಬದಿಯಲ್ಲೇ ಧುಮುಕಿಕೊಂಡು ಗುಂಡ್ಯಕ್ಕೆ ಇಳಿದು, ಕುಮಾರಧಾರೆಗೆ, ಅಲ್ಲಿಂದ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ, ಬೇಗ ಮನೆ ತಲುಪುತ್ತದೆ.

ಬಿಸಿಲೆ ಘಾಟಿಗೆ ಹೋಗುವ ದಾರಿಯಲ್ಲಿ ಮಂಕನಹಳ್ಳಿ ಹತ್ತಿರ ಒಂದು ಕಲ್ಲಿದೆ. ಒಂದು ಕಡೆಗೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆಗೆ ಅರಬ್ಬೀ ಸಮುದ್ರ ಅಂತ ಅದು ತೋರಿಸುತ್ತದೆ. ನೋಡಲು ಏನೂ ವಿಶೇಷ ಇಲ್ಲ, ರಸ್ತೆ ಬದಿಯ ಕಲ್ಲು ಅಷ್ಟೆ. ಒಂದು ಸಲ ಮಳೆಯಲ್ಲೇ ಅಲ್ಲಿ ಬೈಕ್ ನಿಲ್ಲಿಸಿ ನಿಂತಿದ್ದೆ. ರೈನ್‌ಕೋಟಿನ ಎಡತೋಳಿನಿಂದ ಇಳಿದ ನೀರು ಒಂದು ಸಮುದ್ರಕ್ಕೆ, ಬಲತೋಳಿನಿಂದ ಇಳಿದದ್ದು ಇನ್ನೊಂದಕ್ಕೆ. ಹಂಚಿನ ಮನೆಯ ಮಾಡಿನ ನೆತ್ತಿಯ ಮೇಲೆ ಬಿದ್ದ ಹನಿ ಯಾವ ಸೂರಿಗೆ ಇಳಿಯಬೇಕು ಅಂತ ಗಾಳಿ ತೀರ್ಮಾನ ಮಾಡುತ್ತದಲ್ಲ, ಹಾಗೆ.

ಅಂಚು ಮಳೆಯನ್ನು ಹೇಗೆ ಹಂಚುತ್ತದೆ ಅನ್ನುವುದು ಕಷ್ಟದ ವಿಷಯವಲ್ಲ. ಸಮುದ್ರದ ಮೇಲಿಂದ ನೀರು ಹೊತ್ತ ಪಡುವಣ ಗಾಳಿ ಬರುತ್ತದೆ. ಗೋಡೆಗೆ ತಗುಲಿ ಮೇಲಕ್ಕೆ ಏರಬೇಕು. ಮೇಲೆ ಹೋದಂತೆ ಗಾಳಿ ತಣ್ಣಗಾಗುತ್ತದೆ, ತಣ್ಣನೆಯ ಗಾಳಿ ಅಷ್ಟು ನೀರನ್ನು ಹೊರಲಾರದು. ಹೊರೆ ಇಳಿಸುತ್ತದೆ. ಅದೇ ನಮ್ಮ ಮಳೆ. ಅಂಚು ದಾಟಿದ ಗಾಳಿಗೆ ಇನ್ನು ಏರುವ ಕೆಲಸವಿಲ್ಲ, ಹೊರೆಯೂ ಅರ್ಧ ಖಾಲಿ. ಅದಕ್ಕೇ ಪೂರ್ವಕ್ಕೆ ಒಂದೊಂದು ಊರು ದಾಟಿದಂತೆ ಮಳೆ ಇಳಿಯುತ್ತಾ ಹೋಗುತ್ತದೆ. ನಮ್ಮ ಮನೆ ಪೇಟೆಯಿಂದ ಪಶ್ಚಿಮಕ್ಕೆ ಐದಾರು ಕಿಲೋಮೀಟರ್. ಅಷ್ಟು ಸಣ್ಣ ದೂರಕ್ಕೂ ಲೆಕ್ಕ ಬೇರೆಯಾಗುತ್ತದೆ ಅಂದರೆ ನಂಬಲು ಕಷ್ಟ. ಆದರೆ ಅಪ್ಪನ ಹತ್ತಿರ ಪುಸ್ತಕ ಇದೆ.

ಕಾಫಿ ಸೀಮೆಯ ಬಹಳಷ್ಟು ಮನೆಗಳಲ್ಲಿ ಇಂಥ ಪುಸ್ತಕ ಸಿಗುತ್ತದೆ. ಅಂಗಳದ ತೆರೆದ ಜಾಗದಲ್ಲಿ ಒಂದು ರೈನ್ ಗೇಜ್. ದಿನಾ ಬೆಳಿಗ್ಗೆ ಅದರ ನೀರನ್ನು ಗಾಜಿನ ಅಳತೆಗೆ ಸುರಿದು ನೋಡಿ ಬರೆದಿಡುವುದು. ದೇಶ ಮಿಲಿಮೀಟರಿಗೆ ಬಂದು ಎಷ್ಟು ಕಾಲವಾಯಿತು. ನಮ್ಮವರು ಮಾತ್ರ ಇಂಚು, ಸೆಂಟ್ಸ್ ಬಿಟ್ಟಿಲ್ಲ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. ‘ನಿನ್ನೆ ಎರಡು ನಲವತ್ತು’ ಅಂದರೆ ಎರಡು ಇಂಚು ನಲವತ್ತು ಸೆಂಟ್ಸ್. ಮದುವೆ ಮನೆಯಲ್ಲಿ ಇಬ್ಬರು ಬೆಳೆಗಾರರು ಸಿಕ್ಕರೆ ಮೊದಲು ಬರುವುದು ಈ ಲೆಕ್ಕ. ‘ನಿಮ್ಮಲ್ಲಿ ಎಷ್ಟಾಯ್ತು?’ ಆರೋಗ್ಯ, ಮಕ್ಕಳು ಎಲ್ಲ ಆಮೇಲೆ. ಒಂದು ಇಂಚು ಅಂದರೆ ಕೇಳಲು ಸಣ್ಣದು. ಒಂದು ಎಕರೆಗೆ ಒಂದು ಇಂಚು ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರು. ಒಂದು ರಾತ್ರಿ ಐದು ಇಂಚು ಸುರಿದಾಗ ನಮ್ಮ ತೋಟದ ಮೇಲೆ ಏನು ಬಿತ್ತು ಅನ್ನುವುದು ಈ ಲೆಕ್ಕ ಮಾಡಿದ ಮೇಲೆಯೇ ನನಗೆ ತಿಳಿದದ್ದು.

ಉಷ್ಣವಲಯದ ಊರು ಅಂದರೆ ಬೆವರು ಸುರಿಸುವ ಊರು ಅಂತ ಓದುವವರಿಗೆ ಅನ್ನಿಸಬಹುದು. ನಮ್ಮ ಊರು ಉಷ್ಣವಲಯದ್ದೇ. ಅತಿ ತಂಪಾದ ತಿಂಗಳಲ್ಲೂ ಸರಾಸರಿ 18 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಅದು ಉಷ್ಣವಲಯ ಅಂತ ಹವೆಯ ಲೆಕ್ಕದವರು ಹೇಳುತ್ತಾರೆ. ಹಾಗಿದ್ದೂ ನಾವು ಜುಲೈನಲ್ಲಿ ಸ್ವೆಟರ್ ಹಾಕುತ್ತೇವೆ, ಸಂಜೆ ಬಚ್ಚಲ ಒಲೆಯ ಮುಂದೆ ಕೂರುತ್ತೇವೆ. ಅಲ್ಲಿ ಹೊಗೆ ಹಿಡಿದ ಬಟ್ಟೆ ಹಾಕಿಕೊಂಡೇ ಶಾಲೆಗೆ ಹೋದವರು ನಾವೆಲ್ಲ.

ಇದಕ್ಕೂ ಒಂದು ಕಾರಣ ಇದೆ, ನನಗೆ ತುಂಬಾ ಇಷ್ಟವಾದದ್ದು. ನಮ್ಮ ಊರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹೆಚ್ಚುಕಡಿಮೆ 13 ಡಿಗ್ರಿಯಲ್ಲಿದೆ. ಹಾಗಾಗಿ ವರ್ಷಕ್ಕೆ ಎರಡು ಸಲ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಒಂದು ಏಪ್ರಿಲ್ 24ರ ಹೊತ್ತಿಗೆ, ಇನ್ನೊಂದು ಆಗಸ್ಟ್ 18ರ ಹೊತ್ತಿಗೆ. ಆ ದಿನ ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಏಪ್ರಿಲಿನಲ್ಲಿ ಇದನ್ನು ಯಾರು ಬೇಕಾದರೂ ನೋಡಬಹುದು. ಕಾಫಿ ಕಣದ ನಡುವೆ ಕೋಲು ಹಿಡಿದು ನಿಂತರೆ ಸಾಕು. ಅದೇ ನಮ್ಮ ಸೆಕೆಯ ಕಾಲ. ಆದರೆ ಆಗಸ್ಟಿನ ದಿನವನ್ನು ನಾನು ನಮ್ಮ ಮನೆಯಲ್ಲಿ ಒಮ್ಮೆಯೂ ನೋಡಿಲ್ಲ. ಸೂರ್ಯ ನೆತ್ತಿಯ ಮೇಲಿರುತ್ತಾನೆ, ನಡುವೆ ಮೋಡ. ಮಘೆ ಮಳೆ ಶುರುವಾಗುವ ಹೊತ್ತು ಅದು. ವರ್ಷದ ಎರಡನೇ ಬೇಸಿಗೆ ಮೋಡದ ಮೇಲೆಯೇ ಬಂದು ಮೇಲೆಯೇ ಹೋಗಿಬಿಡುತ್ತದೆ, ನಮಗೆ ಇಳಿದು ಬರುವುದೇ ಇಲ್ಲ.

ನಮ್ಮ ಹಿರಿಯರು ತಿಂಗಳಿನಲ್ಲಿ ಮಳೆ ಲೆಕ್ಕ ಮಾಡುವುದಿಲ್ಲ, ನಕ್ಷತ್ರದಲ್ಲಿ ಮಾಡುತ್ತಾರೆ. ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ. ಭರಣಿ, ಕೃತ್ತಿಕೆ, ರೋಹಿಣಿ ಇವು ಗುಡುಗಿನ ಮಳೆಗಳು. ಮಧ್ಯಾಹ್ನದವರೆಗೆ ನೆಲ ಕಾದು, ಸಂಜೆಗೆ ಗುಡುಗು ಸಿಡಿಲು, ಅರ್ಧ ಗಂಟೆ ಸುರಿದು ಮುಗಿಯಿತು. ಆರಿದ್ರದಿಂದ ಮುಂದೆ ಸದ್ದೇ ಬದಲು. ಗುಡುಗಿಲ್ಲ. ಹೆಂಚಿನ ಮೇಲೆ ಒಂದೇ ಸಮನೆ ಸುರಿಯುವ ಸದ್ದು. ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವ ತನಕ ನಮ್ಮ ಕಡೆ ಜೋರಾಗಿ ಮಾತಾಡುವುದೇ ಅಭ್ಯಾಸವಾಗಿಬಿಡುತ್ತದೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ‘ಯಾಕೆ ಹಾಗೆ ಕೂಗ್ತೀಯಾ?’ ಅಂತ ರೂಮಿನವರು ಕೇಳಿದ್ದರು.

ಆದರೆ ವರ್ಷದ ಮುಖ್ಯ ಮಳೆ ಯಾವುದು ಅಂತ ಬೆಳೆಗಾರರನ್ನು ಕೇಳಿ, ಜುಲೈ ಮಳೆ ಅಂತ ಯಾರೂ ಹೇಳುವುದಿಲ್ಲ. ಹೂಮಳೆ ಅನ್ನುತ್ತಾರೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಬರಬೇಕಾದ ಒಂದು ಇಂಚು ಮಳೆ. ಕಾಫಿ ಗಿಡ ತಿಂಗಳುಗಟ್ಟಲೆ ಒಣಗಿ, ಮೊಗ್ಗು ಕಟ್ಟಿಕೊಂಡು ಕಾಯುತ್ತಿರುತ್ತದೆ. ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಇಡೀ ತೋಟ ಒಂದೇ ಸಲ ಬೆಳ್ಳಗೆ ಅರಳುತ್ತದೆ. ಆ ವಾಸನೆ ಮಲ್ಲಿಗೆಯ ಹಾಗೆ, ಆದರೆ ಇನ್ನೂ ಹಗುರ. ಎರಡು ಮೂರು ದಿನ ಅಷ್ಟೆ. ಆಮೇಲೆ ಕಂದು ತಿರುಗುತ್ತದೆ. ಮತ್ತೆ ಎರಡು ಮೂರು ವಾರಕ್ಕೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು, ಅದಕ್ಕೆ ಬ್ಯಾಕಿಂಗ್ ಅನ್ನುತ್ತಾರೆ.

ಈ ಒಂದು ಇಂಚು ಸಿಗುವುದೂ ‘ಯಾವ ಕಡೆ’ ಅನ್ನುವುದರ ಮೇಲೆಯೇ. ಬೇಸಿಗೆಯ ಗುಡುಗು ಮಳೆ ಊರು ನೋಡಿ ಬೀಳುವುದಿಲ್ಲ. ರಸ್ತೆಯ ಈ ಬದಿಯ ತೋಟಕ್ಕೆ ಒಂದು ಇಂಚು, ಆ ಬದಿಗೆ ಇಪ್ಪತ್ತು ಸೆಂಟ್ಸ್. ಇಪ್ಪತ್ತು ಸೆಂಟ್ಸ್ ಬಿದ್ದರೆ ಏನೂ ಬೀಳದ್ದಕ್ಕಿಂತ ಕೆಟ್ಟದ್ದು. ಮೊಗ್ಗು ಅರ್ಧ ಎಚ್ಚರಾಗಿ, ಸರಿಯಾಗಿ ಅರಳದೆ ಸುಟ್ಟುಹೋಗುತ್ತದೆ. ಕೆರೆ ಇದ್ದವರು ಸ್ಪ್ರಿಂಕ್ಲರ್ ಹಾಕಿ ರೋಬಸ್ಟಾ ಕಾಫಿ ಉಳಿಸಿಕೊಳ್ಳುತ್ತಾರೆ. ಇಲ್ಲದವರು ಸಂಜೆ ಅಂಗಳದಲ್ಲಿ ನಿಂತು ಮೋಡ ನೋಡುತ್ತಾರೆ. ಒಂದು ಮಾರ್ಚಿನಲ್ಲಿ ನಮ್ಮ ಬೇಲಿಯ ಆಚೆ ಮಳೆ ಬಂದು ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಳ್ಳದ ಆಚೆ ಮರಗಳ ಮೇಲೆ ಬಿಳಿ ಪರದೆ, ಈಚೆ ಧೂಳು. ಅಪ್ಪ ಏನೂ ಹೇಳಲಿಲ್ಲ. ಒಳಗೆ ಹೋಗಿ ಪುಸ್ತಕದಲ್ಲಿ ಸೊನ್ನೆ ಬರೆದರು.

ಮಂಜಿನ ಬಗ್ಗೆಯೂ ಹೇಳಬೇಕು. ಪ್ರವಾಸಿಗರು ಎಲ್ಲವನ್ನೂ ಒಂದೇ ಮಂಜು ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಎರಡು ಇವೆ. ಡಿಸೆಂಬರಿನದು ನೆಲದಿಂದ ಹುಟ್ಟುತ್ತದೆ. ಮೋಡವಿಲ್ಲದ ರಾತ್ರಿ, ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಣ್ಣಗಾದ ಗಾಳಿ ಭಾರವಾಗಿ ತಗ್ಗಿಗೆ ಜಾರುತ್ತದೆ, ಹೊಳೆಯ ತೇವ ಸೇರಿ ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ಬೆಳಿಗ್ಗೆ ಗುಡ್ಡದ ಮೇಲಿಂದ ನೋಡಿದರೆ ಹೇಮಾವತಿಯ ಬಯಲು ಪೂರ್ತಿ ಹಾಲಿನ ಕೆರೆ, ಮೇಲೆ ಸ್ವಚ್ಛ ಬಿಸಿಲು. ಅದು ಅಲುಗುವುದಿಲ್ಲ, ಒಂಬತ್ತು ಹತ್ತು ಗಂಟೆಗೆ ಕರಗುತ್ತದೆ. ಜುಲೈನದು ಮಂಜೇ ಅಲ್ಲ, ಮೋಡ. ನಾವು ಮೋಡದ ಎತ್ತರದಲ್ಲಿ ಮನೆ ಕಟ್ಟಿಕೊಂಡಿದ್ದೇವೆ ಅಷ್ಟೆ. ಅದು ಪಶ್ಚಿಮದಿಂದ ಓಡುತ್ತಾ ಬರುತ್ತದೆ, ಕಿಟಕಿಯಿಂದ ಒಳಗೆ ನುಗ್ಗುತ್ತದೆ, ಮುಟ್ಟಿದ್ದನ್ನೆಲ್ಲ ಒದ್ದೆ ಮಾಡುತ್ತದೆ. ಡಿಸೆಂಬರಿನ ಮಂಜು ತಗ್ಗಿನವರಿಗೆ ಜಾಸ್ತಿ, ಜುಲೈನದು ಎತ್ತರದವರಿಗೆ ಜಾಸ್ತಿ. ಇಲ್ಲೂ ಅದೇ ಪ್ರಶ್ನೆ.

ಹೊಳೆಗೂ ಅದೇ ಪ್ರಶ್ನೆ. ಪೇಟೆಯಲ್ಲಿ ಮಳೆ ಬಿಟ್ಟು ಹೊಳಪು ಬಂದ ದಿನವೂ ಹೇಮಾವತಿ ಕೆಂಪಾಗಿ ಏರುತ್ತಾಳೆ. ಮೇಲೆ ಮೂಡಿಗೆರೆ ಕಡೆ ಸುರಿದ ನೀರು ಅದು, ಇಲ್ಲಿನದಲ್ಲ. ಹೊಳೆ ಮಲ್ಲೇಶ್ವರನ ಗುಡಿಯನ್ನು ನೀರು ಸುತ್ತುವರಿಯಿತು ಅಂದರೆ ಪೇಟೆಯ ಜನ ಸೇತುವೆಯ ಹತ್ತಿರ ಸೇರುತ್ತಾರೆ. ಯಾರೂ ಹೆಚ್ಚು ಮಾತಾಡುವುದಿಲ್ಲ. ತೇಲಿ ಬರುವ ಮರದ ದಿಮ್ಮಿ, ಬಾಳೆಗಿಡ ನೋಡಿಕೊಂಡು ಮೇಲಿನ ಊರುಗಳಲ್ಲಿ ಏನಾಗಿರಬಹುದು ಅಂತ ಅಳೆಯುತ್ತಾರೆ.

ಇಂಥ ಅಂಚಿನ ಮೇಲೆಯೇ ಬೆಂಗಳೂರು ಮಂಗಳೂರಿನ ದಾರಿ ಹೋಗಬೇಕು, ಬೇರೆ ಮಾರ್ಗ ಕಮ್ಮಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕದ ರೈಲು ದಾರಿ 55 ಕಿಲೋಮೀಟರ್. ಅಷ್ಟರಲ್ಲಿ 57 ಸುರಂಗ. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವ ಇಳಿಜಾರು. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ರೈಲುಗಳು ನಿಂತವು. ದೋಣಿಗಲ್ಲಿನ ಹತ್ತಿರ ಹೆದ್ದಾರಿ ಕುಸಿದದ್ದೂ ಒಂದು ಸಲ ಅಲ್ಲ. ಗುಡ್ಡವನ್ನು ನೆಟ್ಟಗೆ ಕಡಿದರೆ ಅದಕ್ಕೆ ಕಾಲಿಲ್ಲದ ಹಾಗಾಗುತ್ತದೆ. ಮೇಲಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಒಳಗಿನ ಹಿಡಿತ ಸಡಿಲವಾಗುತ್ತದೆ. ತಿಂಗಳುಗಟ್ಟಲೆ ಸುರಿಯುವ ಜಾಗದಲ್ಲಿ ಗುಡ್ಡ ಇದಕ್ಕಿಂತ ಬೇರೆ ಏನು ಮಾಡಬೇಕು? ಹಾಸನದ ಬಯಲಿಗೆ ಸರಿಹೋಗುವ ರಸ್ತೆಯನ್ನು ಮಾರನಹಳ್ಳಿಯಲ್ಲೂ ಹಾಗೇ ಮಾಡಲು ಹೋಗುವುದು ನನಗೆ ಸಂಕಟ ತರುತ್ತದೆ. ಕಾಗದದ ಮೇಲೆ ಅದು ಒಂದೇ ಹೆದ್ದಾರಿ. ನೆಲದ ಮೇಲೆ ಅಲ್ಲ.

ಎತ್ತಿನಹೊಳೆಯ ವಿಷಯಕ್ಕೆ ಬಂದಾಗ ನನ್ನ ಮನಸ್ಸು ಇನ್ನೂ ಭಾರವಾಗುತ್ತದೆ. ಪಶ್ಚಿಮಕ್ಕೆ ಹರಿಯುವ ಎತ್ತಿನಹೊಳೆ ಮತ್ತು ಸುತ್ತಲಿನ ಹಳ್ಳಗಳ ನೀರನ್ನು ಪಂಪಿನಿಂದ ಮೇಲೆತ್ತಿ, ಮಾಡಿನ ನೆತ್ತಿ ದಾಟಿಸಿ, ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಕಳಿಸುವ ಯೋಜನೆ ಅದು. ಮಳೆಗಾಲದಲ್ಲಿ 24 ಟಿಎಂಸಿ ನೀರು ಅನ್ನುವುದು ಲೆಕ್ಕ. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಮೊದಲ ಹಂತ ನಮ್ಮ ತಾಲ್ಲೂಕಿನಲ್ಲೇ ಉದ್ಘಾಟನೆ ಆಯಿತು. ಕೋಲಾರದವರ ಬಾಯಾರಿಕೆ ಸುಳ್ಳಲ್ಲ. ಸಾವಿರ ಅಡಿಗಿಂತ ಆಳದ ಬೋರ್‌ವೆಲ್ ತೋಡಿಸಿ ನೀರು ಸಿಗದ ಗೆಳೆಯರು ನನಗೂ ಇದ್ದಾರೆ. ಅವರ ಮುಂದೆ ‘ನಮ್ಮ ನೀರು’ ಅನ್ನಲು ನನಗೆ ನಾಲಿಗೆ ಏಳುವುದಿಲ್ಲ. ಆದರೆ ‘ಹೆಚ್ಚುವರಿ ನೀರು’ ಅನ್ನುವ ಮಾತನ್ನು ನಾನು ಒಪ್ಪಲಾರೆ. ಜುಲೈನಲ್ಲಿ ಆ ಹಳ್ಳಗಳನ್ನು ನೋಡಿದವರಿಗೆ ನೀರು ಸುಮ್ನೆ ಹೋಗುತ್ತಿದೆ ಅನ್ನಿಸುವುದು ಸಹಜ. ಮಾರ್ಚಿನಲ್ಲಿ ಅದೇ ಹಳ್ಳದ ಕಲ್ಲಿನ ಮೇಲೆ ಚಪ್ಪಲಿ ಒದ್ದೆಯಾಗದೆ ದಾಟಬಹುದು. ಆ ಸಣ್ಣ ಹರಿವನ್ನು ಬೇಸಿಗೆಯುದ್ದಕ್ಕೂ ಉಳಿಸುವುದು ಗುಡ್ಡಗಳ ನಡುವಿನ ತಗ್ಗಿನಲ್ಲಿ ದಟ್ಟವಾಗಿ ಬೆಳೆಯುವ ಶೋಲಾ ಕಾಡು ಮತ್ತು ಹುಲ್ಲಿನ ಗುಡ್ಡ. ಕಾಲುವೆ, ಪೈಪಿಗಾಗಿ ಅಗೆದದ್ದು ಆ ಗುಡ್ಡಗಳನ್ನೇ. ಕೊಡುವವರ ಮನೆಯ ಅಡಿಪಾಯ ಅಲುಗದ ಹಾಗೆ ಕೊಡಿಸುವ ದಾರಿ ಹುಡುಕಬೇಕಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಕಾಲ ಬದಲಾಗುತ್ತಿದೆ ಅಂತ ಅಪ್ಪ ಹೇಳುವುದು ಅವರ ಪುಸ್ತಕ ನೋಡಿ. ವರ್ಷದ ಒಟ್ಟು ಲೆಕ್ಕಕ್ಕಿಂತ ಅದು ಬೀಳುವ ರೀತಿಯೇ ಅವರಿಗೆ ಚಿಂತೆ. ಮೊದಲು ಪುಟದ ತುಂಬ ಸಣ್ಣ ಸಣ್ಣ ಅಂಕಿಗಳು ಸಾಲಾಗಿ ಇರುತ್ತಿದ್ದವು. ಈಗ ನಾಲ್ಕು ದಿನ ಸೊನ್ನೆ, ಐದನೇ ದಿನ ದೊಡ್ಡ ಅಂಕಿ. ಒಂದು ಮನೆಯ ಪುಸ್ತಕ ಇಡೀ ಘಟ್ಟದ ಕತೆ ಹೇಳಲಾರದು, ಅದು ನನಗೆ ಗೊತ್ತು. ಆದರೆ ಜನವರಿಯಲ್ಲಿ ಕಣದಲ್ಲಿ ಹರಡಿದ ಕಾಫಿ ಮಳೆಗೆ ನೆನೆದು, ಗಿಡದಲ್ಲಿ ಹಣ್ಣಿರುವಾಗಲೇ ಪಕ್ಕದ ಕೊಂಬೆಯಲ್ಲಿ ಹೂ ಅರಳಿದ ವರ್ಷ ಅಪ್ಪ ಆ ಸಾಲಿನ ಮುಂದೆ ಪೆನ್ಸಿಲಿನಲ್ಲಿ ‘ಹೂವು’ ಅಂತ ಬರೆದು ಅಡಿಗೆರೆ ಎಳೆದಿದ್ದಾರೆ. ಕೆಲಸದವರು ಹಣ್ಣು ಕೊಯ್ಯುವಾಗ ಕೈ ತಗುಲಿ ಆ ಹೂವೆಲ್ಲ ಉದುರಿತ್ತು.

ಪೇಟೆಯ ಹೆಸರಿನಲ್ಲಿ ಮೊಬೈಲ್ ಈಗ ದಿನಾ ಒಂದು ಹವಾಮಾನ ತೋರಿಸುತ್ತದೆ. ಒಂದು ಮೋಡದ ಚಿತ್ರ, ಒಂದು ಅಂಕಿ. ಬೆಂಗಳೂರಿನಲ್ಲಿ ಕೂತು ನಾನೂ ಅದನ್ನು ನೋಡುತ್ತೇನೆ. ನೋಡಿದ ಮೇಲೂ ಬೆಳಿಗ್ಗೆ ಫೋನ್ ಮಾಡುತ್ತೇನೆ. ಅಷ್ಟು ಹೊತ್ತಿಗೆ ಅಪ್ಪ ಕೊಡೆ ಹಿಡಿದು ಅಂಗಳಕ್ಕೆ ಹೋಗಿ ಬಂದಿರುತ್ತಾರೆ.

ನಿನ್ನೆಯೂ ಮಾಡಿದೆ. ‘ಎಷ್ಟಪ್ಪಾ?’

‘ನಮ್ಮಲ್ಲಿ ಒಂದು ಅರವತ್ತು. ಪೇಟೇಲಿ ಅಷ್ಟಿಲ್ಲ, ಎಪ್ಪತ್ತು ಸೆಂಟ್ಸ್ ಅಂತೆ. ಘಟ್ಟದ ಕಡೆಯವರಿಗೆ ಲೈನ್ ಸಿಗ್ತಿಲ್ಲ. ಕರೆಂಟ್ ಹೋಗಿರಬೇಕು, ಅಲ್ಲಿ ಜೋರಿದೆ.’